ಪುಲ್ಲಿಯ ಪಿನ್ನೂ ನನ್ನ ಸ್ಕ್ರೂಡ್ರೈವರೂ

ನಮ್ಮ ಹಳೇ ಟ್ರ್ಯಾಕ್ಟರಿನ ಪುಲ್ಲಿ ತಿರಗುವಾಗ ‘ಕುಂಯ್’ ಅಂತಿತ್ತು. ನಮ್ಮ ಮಳಗಿ ಊರಾಗ ಯಾರಿಗೂ ಅದರಿಂದ ತ್ರಾಸ ಇರಲಿಲ್ಲ. ನನಗ ಮಾತ್ರ ಈ ಸಪ್ಪಳ ಎಲ್ಲಿಂದ ಬರ್ತೈತಿ ಅಂತ ತಿಳಿಯೂತನಕ ಊಟ ಸೇರಲಿಲ್ಲ. ಹುಬ್ಬಳ್ಳಿಯಿಂದ ತಂದ ಉದ್ದನ್ನ ಸ್ಕ್ರೂಡ್ರೈವರ್ ನನ್ನ ಹತ್ರ ಇತ್ತು. ಅದರಿಂದ ರೇಡಿಯೋ ಬಿಚ್ಚಿ ನೋಡಿದ್ದೆ, ಗೋಡಿ ಗಡಿಯಾರ ಬಿಚ್ಚಿ ನೋಡಿದ್ದೆ. ಜೋಡಸೂದು ಬ್ಯಾರೆ ಮಾತು!

“ಕಣದಾಗ ಭತ್ತ ಬಿದ್ದೈತಿ, ಮ್ಯಾಲೆ ಮೋಡ ಕಟ್ಟಾಕತ್ತೈತಿ. ಬೆಲ್ಟ್ ಹಾಕಿ ಒಕ್ಕೂ ಮಷೀನ್ ನಡಸೂದು ಬಿಟ್ಟು, ನಡಿಯೂ ಪುಲ್ಲಿ ಯಾಕ ಬಿಚ್ಚತೀರಿ?” ಅಂದಳು ನನ್ನ ಹೆಂಡತಿ ಗಂಗವ್ವ.

“ಒಂದ ಪಿನ್ ತಗದರ ಪುಲ್ಲಿ ಕೈಗೆ ಬರ್ತೈತಿ. ನೀ ಚಾ ಇಡು, ಕುದಿಯೂದ್ರಾಗ ಮುಗಸ್ತೇನಿ!”

ಚಾ ಕುದೀತು. ಆರಿತು. ಪಿನ್ ಅಲ್ಲೇ ಇತ್ತು.

ಸೀಮಿಎಣ್ಣಿ ಹಾಕಿದೆ, ಕೊಬ್ಬರಿ ಎಣ್ಣಿ ಹಾಕಿದೆ, ಕಡೀಕ ಸುತ್ತಿಗಿ ಹಿಡಕೊಂಡು ಬಡದೆ. ಸಪ್ಪಳ ಕೇಳಿ ಬಾಜೂಮನಿ ಬಸಪ್ಪಕಾಕಾ ತಮ್ಮ ಸುತ್ತಿಗಿ ಸಮೇತ ಬಂದ್ರು. ನಮ್ಮ ಊರಾಗ ಯಾರರ ಏನರ ಬಡಿಯಾಕತ್ತರ, ನಾವೂ ಎರಡು ಏಟು ಹಾಕಲಿಲ್ಲಂದ್ರ ಮರ್ಯಾದಿ ಅಲ್ಲ.

“ಹಂಗಲ್ಲೋ ತಮ್ಮಾ, ತುಸು ಬಾಜೂಕ ಸರಿ” ಅಂತ ಅವರು ಆ ಕಡಿಯಿಂದ ಸುರು ಮಾಡಿದ್ರು. ನಾ ಈ ಕಡಿಯಿಂದ ಬಡಿಯೂದು, ಅವರು ಆ ಕಡಿಯಿಂದ ಬಡಿಯೂದು. ನಾ ಒಂದು ಕೂದಲೆಳಿ ಸರಿಸಿದ್ದನ್ನ ಕಾಕಾ ಭಕ್ತಿಯಿಂದ ವಾಪಸ್ ಕೂಡಸ್ತಿದ್ರು!

“ಇಬ್ಬರೂ ಎದರಾಬದರು ಬಡದರ ಅದು ಎಲ್ಲಿಗೆ ಹೋಗಬೇಕ್ರಿ?” ಅಂದಳು ಗಂಗವ್ವ.

ಸಭಾ ಸೇರಿ, ಒಂದ ಕಡಿಯಿಂದ ಬಡಿಯೂದು ಅಂತ ಸರ್ವಾನುಮತದಿಂದ ಠರಾವು ಪಾಸಾತು. ಚಪ್ಪಟಿಯಾದ ತುದಿಗೆ ಅರ ಹಚ್ಚಿ ಉಜ್ಜಿ, ಮತ್ತ ಬಡದು, ಅಂತೂ ಪಿನ್ ಹೊರಗ ಬಿತ್ತು. ನಡುಕ್ಕ ಡೊಂಕಾಗಿತ್ತು. ಪುಲ್ಲಿ ಕೈಗೆ ಬಂತು. ಒಳಗ ಹಣಿಕಿ ಹಾಕಿದೆ.

ಏನೂ ಇರಲಿಲ್ಲ!

ಬಾಜೂಕ ನೋಡಿದ್ರ ಬೆಲ್ಟಿಗೆ ಮುಚ್ಚಿದ್ದ ತಗಡು ಬಗ್ಗಿ ಪುಲ್ಲಿಗೆ ತಾಗಿ ಗೀರು ಬಿದ್ದಿತ್ತು. ಕುಂಯ್ ಅಂತಿದ್ದದ್ದು ಅದ. ಹೆಬ್ಬಟ್ಟಿನಿಂದ ಒತ್ತಿದೆ, ಸರಿಯಾತು. ಅಷ್ಟರಾಗ ಗುಡುಗಿತು. ಪುಲ್ಲಿ ಏರಿಸಿದ್ವಿ, ಡೊಂಕು ಪಿನ್ ಒಳಗ ಹೋಗಲಿಲ್ಲ. ಹೊಸಾದು ತರಾಕ ಮುಂಡಗೋಡಕ್ಕ ಹೋಗಬೇಕು, ಬಸ್ ಹೋಗಿತ್ತು.

“ವರ್ಷದ ಕೂಳ್ರೀ ಇದು!” ಅಂದ ಗಂಗವ್ವನ ಕಣ್ಣಾಗ ನೀರು ಬಂತು. ಆಕಿ ಕಣ್ಣ ಒರಸಿಕೊಂಡು ನನ್ನ ಕೈ ನೋಡಿದಳು.

“ಅದನ್ನ ಕೊಡ್ರಿ.”

“ಯಾವುದನ್ನ?”

“ಸ್ಕ್ರೂಡ್ರೈವರ್!”

ಪಿನ್ನಿನ ತೂತಿನಾಗ ಅದು ಅಳತಿ ಹಿಡಿದು ಮಾಡಿಸಿದಂಗ ಕುಂತಿತು. ಬಸಪ್ಪಕಾಕಾ ಎರಡು ಏಟಿಗೆ ಬಡದು ಕೂಡಿಸಿ, ಹೊರಗ ಉಳಿದ ಹಿಡಿಕಿ ಗರಗಸದಿಂದ ಕೊಯ್ದು ನನ್ನ ಕೈಯಾಗ ಇಟ್ರು. ಮಷೀನ್ ನಡೀತು. ಕಡೇ ಚೀಲ ಒಳಗ ಹಾಕೂದಕ್ಕೂ ಮಳಿ ಬೀಳೂದಕ್ಕೂ ಸರಿ ಹೋತು. ಪುಲ್ಲಿ ಕಮಕ್ ಕಿಮಕ್ ಅನಲಿಲ್ಲ.

ಮರುದಿನ ಹುರುಪಿನಿಂದ ಅಂದೆ, “ಹೊಸಾ ಪಿನ್ ತಂದು ನನ್ನ ಸ್ಕ್ರೂಡ್ರೈವರ್ ಬಿಡಿಸಿಕೊಳ್ತೇನಿ.”

“ಅಲ್ಲೇ ಇರಲಿ ಬಿಡ್ರಿ. ಅದು ಅಲ್ಲಿ ಇರೂತನಕ ಮನ್ಯಾಗಿನ ಉಳದ ಸಾಮಾನೆಲ್ಲಾ ಸುಖದಾಗ ಇರ್ತಾವು!”

ಮೊನ್ನೆ ಮಿಕ್ಸರ್ ಗುರ್ರ್ ಅಂತ ಬ್ಯಾರೆನ ಸಪ್ಪಳ ಮಾಡಿತು. ಏನಿರಬಹುದು ಒಳಗ? ಗಡಬಡಿಸಿ ಎದ್ದು ಸ್ಕ್ರೂಡ್ರೈವರ್ ಇಡತಿದ್ದ ಗೋಡಿ ಗೂಡಿನಾಗ ಕೈ ಹಾಕಿದೆ. ಬರೇ ಹಿಡಿಕಿ ಬಂತು. ಗಂಗವ್ವ ನನ್ನ ನೋಡಿ ಸೆರಗು ಬಾಯಿಗೆ ಇಟಗೊಂಡು ನಕ್ಕಳು.

ನಾ ಹಿಡಿಕಿ ಅಲ್ಲೇ ಇಟ್ಟು ಬಂದು ಕುಂತೆ.