ಪೇಪರ್ ನಂಬದ ಕಾಕಾ

ಸೂರ್ಯ ಹುಟ್ಟಿದನೆಂದು ಪೇಪರಿನಲ್ಲಿ ಬಂದರೂ ಅಂಗಳಕ್ಕೆ ಹೋಗಿ ನೋಡಿ ಬಂದು, ಆಮೇಲೆ ಚಹಾ ಕುಡಿಯುವ ಆಸಾಮಿ ನಮ್ಮ ಮನೋಳಿಯ ಕಾಕಾ! ಹಾಗಂತ ಪೇಪರ್ ಬಿಟ್ಟಾರೆಯೇ? ಛೇ! ಬೈಯುವುದಕ್ಕಾದರೂ ಬೇಕಲ್ಲ!

ಊರಿಗೆ ಊರೇ ಚಿಕೂನ್‌ಗುನ್ಯಾದಿಂದ ಕುಂಟುತ್ತಿದ್ದ ವರ್ಷ. ಸವದತ್ತಿ ಬಸ್ಸಿಗೆ ಬಂದ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ, "ರೋಗ ಹತೋಟಿಯಲ್ಲಿ". ಕಾಕಾ ಅದನ್ನು ಬಗಲಲ್ಲಿ ಇಟ್ಟುಕೊಂಡೇ ಎದುರುಮನೆಯ ಲಗ್ನಕ್ಕೆ ನಡೆದರು. ಅಲ್ಲಿ ಪಂಕ್ತಿಗೆ ಎಲೆ ಹಾಕಿದ್ದಾರೆ, ಒಬ್ಬರೂ ಕೂರುತ್ತಿಲ್ಲ. ಕೂತರೆ ಎಬ್ಬಿಸುವವರು ಯಾರು? ಬೀಗರು ಗೋಡೆ ಹಿಡಿದು ನಿಂತಿದ್ದರು. ಮದುಮಗನನ್ನೇ ಇಬ್ಬರು ರಟ್ಟೆಗೆ ಕೈಹಾಕಿ ಎತ್ತಬೇಕಾಯಿತು!

"ಪೇಪರಿನವ್ರು ಬರೋಬರಿ ಬರದಾರ. ಹತೋಟಿ ಐತಿ ಖರೆ. ರೋಗದ ಹತೋಟಿನ್ಯಾಗ ನಾವ ಅದೀವಿ!" ಎಂದರು ಕಾಕಾ.

ಮರುದಿನ ಟೀವಿಯವರು ಬಂದರು. "ಅಜ್ಜಾರ, ಇನ್ನೊಮ್ಮೆ ಕುಂಟ್ರಿ, ಸ್ವಲ್ಪ ಜೋರಾಗಿ ನರಳ್ರಿ" ಎಂದು ಪಾಪದ ಮುದುಕರನ್ನು ಎರಡೆರಡು ಸಲ ನಡೆಸಿದರು. ಸಂಜೆ ನೋಡಿದರೆ ನಮ್ಮದು "ಸಾವಿನ ಊರು"!

"ಪೇಪರಿನವ್ರು ರೋಗನ ಇಲ್ಲಂದ್ರು, ಟೀವಿಯವ್ರು ನಾವ ಇಲ್ಲಂದ್ರು!" ಎಂದು ಕಾಕಾ ಟೀವಿ ಬಂದ್ ಮಾಡಿದರು.

ಅದೇ ಪೇಪರಿನ ಮೂಲೆಯಲ್ಲಿ ಒಂದು ಖರೇ ಮಾತೂ ಇತ್ತು. ನೀರು ಮುಚ್ಚಿಡಿ, ತೆರೆದ ನೀರಿನಲ್ಲಿ ಸೊಳ್ಳೆ ಹುಟ್ಟುತ್ತವೆ ಅಂತ. ನಾನು ಓದಿ ಹೇಳಿದ್ದಕ್ಕೆ ಕಾಕಾನ ಹೆಂಡತಿ, ನಮ್ಮ ಕಾಕು, ಬಚ್ಚಲಿನ ಬ್ಯಾರಲ್ಲಿಗೆ ಹಲಗೆ ಮುಚ್ಚಿದರು.

"ಸುಳ್ಳ ಬರಿಯೋರ ಮಾತ ಕೇಳಿ ನೀರ ಮುಚ್ಚತೀಯೇನ?" ಕಾಕಾ ಹಲಗೆ ತೆಗೆದು ಎಸೆದರು. ಹತ್ತು ಸುಳ್ಳು ಬರೆದವರ ಹನ್ನೊಂದನೆಯ ಸತ್ಯಕ್ಕೆ ಬೆಲೆ ಎಲ್ಲಿಂದ ಬರಬೇಕು, ಹೇಳಿ!

ಕೆಲವೇ ದಿನದಲ್ಲಿ ಕಾಕು ಹಾಸಿಗೆ ಹಿಡಿದರು. ಜ್ವರ ಇಳಿಯಿತು, ಬೆರಳು ಮಡಚಲು ಬರಲಿಲ್ಲ. ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದ ಕೈಯಲ್ಲಿ ಚಹಾದ ಕಪ್ಪೂ ನಿಲ್ಲದು. ಕಾಕಾ ಯಾರಿಗೂ ಹೇಳದೆ ಹೋಗಿ ಬ್ಯಾರಲ್ಲನ್ನು ಬೋರಲು ಹಾಕಿ ಬಂದರು.

"ಇನ್ನ ನನ್ನ ಕೈ ಹಿಂಗ ಉಳೀತಾವೇನ್ರಿ?" ಒಂದು ಮುಂಜಾನೆ ಕಾಕು ಅತ್ತೇಬಿಟ್ಟರು.

ಕಾಕಾ ಗಡಬಡಿಸಿ ಪೇಪರ್ ಬಿಡಿಸಿದರು. "ಇಲ್ಲಿ ಬಂದೈತಿ ಕೇಳು. ಈ ಬ್ಯಾನಿ ಬಂದವ್ರ ಕೈ ಮೊದಲಿನಂಗ ಆಗತಾವ, ಯಾರೂ ಅಂಜಬಾರದು ಅಂತ."

ಕಾಕುಗೆ ಓದು ಬಾರದು. ನಾನು ಹಿಂದಿನಿಂದ ಇಣುಕಿದೆ. ಪುಟದ ತುಂಬ ಗೊಬ್ಬರದ ಜಾಹೀರಾತು.

"ಪೇಪರಿನವ್ರ ಮಾತ ನೀವ ನಂಬತೀರೇನು?" ಕಾಕು ಕಣ್ಣೊರೆಸಿಕೊಂಡರು.

"ಇದೊಂದು ನಂಬತೇನಿ" ಎಂದರು ಕಾಕಾ. ಆ ಸೆಟೆದ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಮುಖ ಆಚೆ ತಿರುಗಿಸಿದರು. ನಾನು ಆ ಪೇಪರನ್ನು ಮೆಲ್ಲಗೆ ಎತ್ತಿಕೊಂಡು, ಯಾರಿಗೂ ಕಾಣದಂತೆ ಮಡಚಿಟ್ಟೆ.