ಒಂದು ಕಣವೂ ಮರಳಿಲ್ಲದ ಕಪ್ಪೆಚಿಪ್ಪು

"ಇವತ್ತು ಸಾರಿನ ಕಪ್ಪೆಚಿಪ್ಪು ಶುಚಿ ಮಾಡೋದು ನನ್ನ ಜವಾಬ್ದಾರಿ. ಒಂದೇ ಒಂದು ಕಣ ಮರಳು ಸಿಕ್ಕಲಿ, ಆಮೇಲೆ ಮಾತಾಡು!" ಎಂದು ಜೀವಶಾಸ್ತ್ರದ ಮೇಷ್ಟ್ರು ಬೆಳಿಗ್ಗೆಯೇ ಹೆಂಡತಿಗೆ ಘೋಷಿಸಿದರು.

ಕಾರಣವಿತ್ತು. ಕಳೆದ ಸಲ ಅತ್ತೆ ಊಟಕ್ಕೆ ಬಂದಾಗ ಮೇಷ್ಟ್ರು ತಂದ ಕಪ್ಪೆಚಿಪ್ಪಿನೊಳಗೆ ಮರಳು ಸಿಕ್ಕಿ, ಅತ್ತೆಯ ಹಲ್ಲೇ ಮುರಿದುಹೋಗಿತ್ತು. ಇವತ್ತು ಅತ್ತೆ ಹೊಸ ಹಲ್ಲು ಕಟ್ಟಿಸಿಕೊಂಡು ಮಧ್ಯಾಹ್ನಕ್ಕೆ ಬರುವವರಿದ್ದರು. ಹೋದ ಮಾನವನ್ನು ಮರಳಿ ಪಡೆಯಲು ಇದಕ್ಕಿಂತ ಒಳ್ಳೆಯ ದಿನ ಸಿಗದು!

"ಕಡಲ ನೀರಲ್ಲಿ ಎರಡು ಗಂಟೆ ಬಿಟ್ಬಿಡಿ, ಮರಳನ್ನ ತಾವೇ ಉಗುಳ್ತವೆ. ನೀವು ಮುಟ್ಟಬೇಡಿ ಅಷ್ಟೇ," ಎಂದಳು ಹೆಂಡತಿ.

ಸುಮ್ಮನಿರುವುದು ಮೇಷ್ಟ್ರ ಜಾಯಮಾನವೇ ಅಲ್ಲ. ಕಡಲ ನೀರಿನ ಟಬ್ಬಿನಲ್ಲಿ ಕಪ್ಪೆಚಿಪ್ಪುಗಳು ಮೆಲ್ಲಗೆ ಬಾಯಿ ತೆರೆದು ಎರಡೆರಡು ಪುಟ್ಟ ಕೊಳವೆ ಚಾಚಿದ್ದನ್ನು ಇಣುಕಿ ನೋಡಿದ್ದೇ ತಡ, ಟಬ್ಬಿನ ಮುಚ್ಚಳ ಎತ್ತಿ ಪಾಠ ಶುರುಮಾಡಿದರು.

"ನೋಡೇ, ಇದರಿಂದ ನೀರು ಒಳಗೆ! ಕಿವಿರಲ್ಲಿ ಆಹಾರ ಸೋಸಿಕೊಂಡು, ಅದರಿಂದ ಹೊರಗೆ!"

ಬೆರಳು ತೋರಿಸಿದ್ದೇ, ಟಪ್! ಎಲ್ಲವೂ ಬಾಯಿ ಮುಚ್ಚಿದವು. ಐದು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿದರು. ಐದು ನಿಮಿಷಕ್ಕೊಮ್ಮೆ ಟಪ್!

"ಗೊತ್ತಾಯ್ತು! ಪಾಪ, ಇವಕ್ಕೆ ಮನೆ ನೆನಪು ಕಾಡ್ತಿದೆ," ಎಂದು ತೀರ್ಪಿತ್ತು, ದಡಕ್ಕೆ ಓಡಿ, ಒಂದು ಬಕೆಟ್ ಒದ್ದೆ ಮರಳು ತಂದು ಟಬ್ಬಿಗೆ ಸುರಿದರು. ಪವಾಡ! ಕಪ್ಪೆಚಿಪ್ಪುಗಳು ಬಾಯಿ ತೆರೆದವು, ನಾಲಿಗೆಯಂಥ ಕಾಲು ಚಾಚಿದವು, ಮರಳು ತೋಡಿಕೊಂಡು ಒಂದೊಂದಾಗಿ ಮಾಯವಾದವು.

"ಬಾರೇ ಇಲ್ಲಿ! ಎಲ್ಲಾ ಬಾಯಿ ಬಿಟ್ವು!"

ಹೆಂಡತಿ ಬಂದು ಟಬ್ಬು ನೋಡಿದಳು, ಗಂಡನನ್ನು ನೋಡಿದಳು. "ರೀ! ಮರಳು ತೆಗೀರಿ ಅಂದ್ರೆ ಮರಳು ತುಂಬಿದ್ದೀರಲ್ಲ!"

ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಇಬ್ಬರೂ ತೋಳೇರಿಸಿ ಟಬ್ಬು ಕೆದಕುತ್ತಿದ್ದಾಗಲೇ ಬಾಗಿಲಲ್ಲಿ ಅತ್ತೆಯ ಕೆಮ್ಮು ಕೇಳಿಸಿತು. ಕಪ್ಪೆಚಿಪ್ಪಿನ ಆಸೆ ಬಿಟ್ಟು, ಹೆಂಡತಿ ಕೈ ತೊಳೆದು ಗಡಿಬಿಡಿಯಲ್ಲಿ ಮೊಟ್ಟೆ ಬೇಯಿಸಿದಳು.

"ಸಿಪ್ಪೆಯಾದ್ರೂ ಸುಲೀರಿ!"

ಮೇಷ್ಟ್ರು ಭಯಭಕ್ತಿಯಿಂದ ಸುಲಿದು, ತಾವೇ ಬಡಿಸಿದರು. "ಇವತ್ತು ಬರೀ ಮೊಟ್ಟೆ ಅತ್ತೆ. ಧೈರ್ಯವಾಗಿ ಕಚ್ಚಿ!"

ಅತ್ತೆ ಕಚ್ಚಿದರು. ಕರ್ರ್!

ಮೇಷ್ಟ್ರು ತಮ್ಮ ಕೈ ನೋಡಿಕೊಂಡರು. ಬೆರಳಿಂದ ಮೊಣಕೈವರೆಗೂ ಮರಳು!

ಅತ್ತೆ ನಾಲಿಗೆಯಿಂದ ಹೊಸ ಹಲ್ಲು ತಡವಿ, ಅದು ಇದ್ದಲ್ಲೇ ಇದೆಯೆಂದು ಖಾತ್ರಿಮಾಡಿಕೊಂಡು, ಬಲು ವಿನಯದಿಂದ ಕೇಳಿದರು:

"ಅಳಿಯಂದ್ರೇ, ನೀವು ಓದಿದವರು, ಹೇಳಿ. ಈಗೀಗ ಕೋಳಿಗಳೂ ಸಮುದ್ರದಲ್ಲೇ ಮೊಟ್ಟೆ ಇಡ್ತವಾ?"