ಬಿಸಿ ಮುದ್ದೆಯೂ ಬುದ್ಧಿವಂತ ಯಂತ್ರವೂ

ಎರಡು ಸಾವಿರದ ಒಂಬತ್ತನೇ ಇಸವಿಯ ಯುಗಾದಿ. ಬೇವು ಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ನಾನು ನಡುಮನೆಯಲ್ಲಿ ಎದ್ದು ನಿಂತು, ಭೀಷ್ಮನೂ ಬೆಚ್ಚಿ ಬೀಳುವಂಥ ಪ್ರತಿಜ್ಞೆಯೊಂದನ್ನು ಮಾಡಿದೆ.

"ಈ ವರ್ಷ ಹೊಳಲ್ಕೆರೆ ಓಬಳೇಶನ್ನ ಇಡೀ ಜಗತ್ತು ಓದ್ಬೇಕು! ನಾನು ಬ್ಲಾಗ್ ಬರೀತೀನಿ!"

ಹೋಳಿಗೆ ಬೇಯಿಸುತ್ತಿದ್ದ ನನ್ನ ಹೆಂಡತಿ ಅನುಸೂಯ ಹಂಚಿನಿಂದ ಕಣ್ಣೆತ್ತಲಿಲ್ಲ. "ಹಂಗಂದ್ರೇನ್ರಿ?"

"ಇಂಟರ್‌ನೆಟ್ಟಿನಾಗೆ ನಂದೇ ಒಂದು ಪತ್ರಿಕೆ ಇದ್ದಂಗೆ. ನಾನೇ ಸಂಪಾದಕ, ನಾನೇ ಲೇಖಕ, ನಾನೇ ಪ್ರಕಾಶಕ!"

"ಹಂಗಾರೆ ಓದಾದೂ ನೀವೇನಾ?"

ಹೈಸ್ಕೂಲಿನ ಗುಮಾಸ್ತನೆಂದರೆ ಹೆಂಡತಿಗೂ ಸದರ! ಆದರೂ ಅವಳ ಮಾತು ಶಾಪದ ಹಾಗೆ ತಟ್ಟಿತು. 'ಹೊಳಲ್ಕೆರೆಯ ಹೊಳಪು' ಎಂಬ ನನ್ನ ಬ್ಲಾಗು ಹುಟ್ಟಿ ತಿಂಗಳು ಕಳೆದರೂ ಅದನ್ನು ನೋಡಿದವರ ಲೆಕ್ಕ ಏರುತ್ತಿದ್ದದ್ದು ನಾನು ನೋಡಿದಾಗ ಮಾತ್ರ. ಬೆಳಿಗ್ಗೆ ನೋಡಿದರೆ ಒಂದು ಏರುತ್ತಿತ್ತು, ಏರಿತಲ್ಲ ಎಂದು ಸಂತೋಷದಿಂದ ಮತ್ತೆ ನೋಡಿದರೆ ಇನ್ನೊಂದು ಏರುತ್ತಿತ್ತು. ಹೊಳಪು ಹೋಗಲಿ, ಹೊಗೆಯೂ ಕಾಣಲಿಲ್ಲ.

ಆಗ ನನ್ನ ಪಾಲಿಗೆ ಅವತರಿಸಿದವನು ಅಂಜನ್. ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಹೆಸರಿಗೆ ತಕ್ಕಂತೆ ನನ್ನ ಕಣ್ಣಿಗೇ ಅಂಜನ ಹಚ್ಚಿದ.

"ಸಾರ್, ಕನ್ನಡದಾಗೆ ಬರೆದ್ರೆ ಕನ್ನಡದೋರು ಓದ್ತಾರೆ. ಜಗತ್ತು ಹೆಂಗೆ ಓದತೈತೆ? ನನ್ನತ್ರ ಹೊಸಾ ಸಾಫ್ಟ್‌ವೇರ್ ಬಂದೈತೆ. ನೀವು ಕನ್ನಡದಾಗೆ ಬರೀರಿ, ಅದು ತಾನಾಗೇ ಇಂಗ್ಲಿಷ್ ಮಾಡಿ ಪಕ್ಕದಾಗೆ ಹಾಕತೈತೆ. ಕೃತಕ ಬುದ್ಧಿ ಸಾರ್! ಮಿಷಿನ್ನೇ ಯೋಚನೆ ಮಾಡತೈತೆ!"

"ಅದಕ್ಕೆ ಗೊತ್ತಿಲ್ದೇ ಇರೋ ಪದ ಬಂದ್ರೆ?"

"ಊಹೆ ಮಾಡ್ಕಳತೈತೆ ಸಾರ್. ನಮ್ಮಂಗೇ!"

ಆ 'ನಮ್ಮಂಗೇ' ಎಂಬ ಮಾತಿಗೆ ನಾನು ಹೆದರಬೇಕಿತ್ತು. ಬದಲಿಗೆ ಹಿಗ್ಗಿದೆ. ನನ್ನ ಇಂಗ್ಲಿಷ್ ರಜಾ ಅರ್ಜಿಯ ಗಡಿ ದಾಟಿ ಆಚೆ ಹೋದದ್ದೇ ಇಲ್ಲ. ಹೀಗಿರುವಾಗ ನನ್ನ ಬದಲಿಗೆ ಯೋಚಿಸುವ, ನನ್ನ ಬದಲಿಗೆ ಇಂಗ್ಲಿಷ್ ಬರೆಯುವ, ಕಾಫಿಯನ್ನೂ ಕೇಳದ ಸಹಾಯಕ ಸಿಕ್ಕರೆ ಯಾರಿಗೆ ಬೇಡ? ಅಂಜನ್ ಬಂದು ಯಂತ್ರವನ್ನು ಬ್ಲಾಗಿಗೆ ಕಟ್ಟಿ ಹೋದ. ಪುಟದ ತಲೆಯ ಮೇಲೆ ಒಂದು ಗುಂಡಿ. ಒತ್ತಿದರೆ ಸಾಕು, ಹೊಳಲ್ಕೆರೆ ಲಂಡನ್ನಾಗುತ್ತಿತ್ತು!

ಪವಾಡವೇ ನಡೆಯಿತು. ವಾರದೊಳಗೆ ಓದುಗರು ಬರತೊಡಗಿದರು. ಯಾವ್ಯಾವುದೋ ದೇಶದವರು! 'ಹೆಂಡತಿ ದಿನಾ ನನ್ನ ತಲೆ ತಿನ್ನುತ್ತಾಳೆ' ಎಂದು ನಾನು ಬರೆದ ಲೇಖನಕ್ಕಂತೂ ಮೆಚ್ಚುಗೆಯ ಮಹಾಪೂರ. ಕೆನಡಾದ ಹೆಂಗಸೊಬ್ಬಳು ಉದ್ದಕ್ಕೆ ಬರೆದಿದ್ದಳು. ಅಂಜನ್‌ಗೆ ಫೋನಿನಲ್ಲಿ ಅಕ್ಷರ ಅಕ್ಷರ ಓದಿ ಹೇಳಿ ಅರ್ಥ ಕೇಳಿದೆ.

"ಸಾರ್, ತಲೆನ ಎಷ್ಟೊತ್ತು ಬೇಯಿಸ್ಬೇಕು ಅಂತ ಕೇಳ್ಯಾರೆ. ಮಸಾಲೆ ಏನ್ ಹಾಕ್ತೀರಿ ಅಂತಾನೂ ಕೇಳ್ಯಾರೆ."

ಪರದೇಶದವರ ಹಾಸ್ಯಪ್ರಜ್ಞೆ ಎಷ್ಟು ಸೂಕ್ಷ್ಮ ಎಂದು ನಾನು ತಲೆದೂಗಿದೆ. ಹೆಂಡತಿ ತಿಂದು ಉಳಿಸಿದ್ದ ಅದೇ ತಲೆಯನ್ನು!

ಇದೇ ಸಮಯಕ್ಕೆ ಅನುಸೂಯಳ ತಂಗಿ ಬೃಂದಾಗೆ ಗಂಡು ಗೊತ್ತಾಯಿತು. ಹುಡುಗ ತಿಪ್ಪೇಶ್, ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿ ನಡೆಸುವವನು. ಗಂಭೀರ, ಒಳ್ಳೆಯವನು. ಶ್ರೀರಾಂಪುರದ ನಮ್ಮ ಮಾವನ ಮನೆಗೆ ಬಂದು ಹೆಣ್ಣು ನೋಡಿ ಹೋದ ಮೇಲೆ ಬೃಂದಾ ಸುಮ್ಮಸುಮ್ಮನೆ ಹಾಡು ಗುನುಗುತ್ತಿದ್ದಳು. ಲಗ್ನಪತ್ರಿಕೆ ಬರೆಸುವುದೊಂದು ಬಾಕಿ. ಪುಣೆಯಲ್ಲಿರುವ ತಿಪ್ಪೇಶನ ಅತ್ತಿಗೆ ಮರಾಠಿ ಮನೆಯ ಹೆಣ್ಣು, ಕನ್ನಡ ಮಾತು ಅಷ್ಟಿಷ್ಟು ಬರುತ್ತದೆ, ಓದಲು ಬಾರದು. ಆಕೆ ಫೋನಿನಲ್ಲಿ ನಮ್ಮ ಮನೆಯವರ ಬಗ್ಗೆ ವಿಚಾರಿಸಿದಾಗ ನಾನು ಎದೆಯುಬ್ಬಿಸಿ ಹೇಳಿದೆ.

"ನನ್ನ ಬ್ಲಾಗ್ ನೋಡ್ಬಿಡ್ರಿ ತಾಯಿ. ಇಂಗ್ಲಿಷ್‌ನಾಗೂ ಐತೆ. ನಮ್ಮ ಮನೆತನ ಎಂಥದ್ದು ಅಂತ ಅದ್ರಾಗೇ ತಿಳೀತದೆ!"

ತಿಳಿಯಿತು! ಮೂರು ದಿನಕ್ಕೆ ಮಾವ ಚಿತ್ರಲಿಂಗಪ್ಪನವರ ಫೋನು ಬಂತು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಅಳಿಯಂದ್ರೆ, ಹಿರಿಯೂರಿನೋರು ಸಂಬಂಧ ಬ್ಯಾಡ ಅಂದ್ಬಿಟ್ರು. ಯಾಕೆ ಅಂದ್ರೆ, ನಿಮ್ಮ ದೊಡ್ಡ ಅಳಿಯನ್ನೇ ಕೇಳ್ರಿ ಅಂತಾರೆ. ಏನ್ ಮಾಡಿದ್ರಿ?"

ಏನು ಮಾಡಿದ್ದೆ? ಎಷ್ಟು ತಲೆ ಕೆರೆದರೂ ಹೊಳೆಯಲಿಲ್ಲ. ಅನುಸೂಯ ಶ್ರೀರಾಂಪುರಕ್ಕೆ ಫೋನು ಮಾಡಿದಳು. ಬೃಂದಾ ಊಟವನ್ನೇ ಮಾಡಿಲ್ಲವಂತೆ. ಫೋನಿಟ್ಟವಳೇ ಅನುಸೂಯ ಸೀರೆ ಬದಲಿಸಿ ಬಂದು ಬಾಗಿಲಲ್ಲಿ ನಿಂತಳು.

"ಚಪ್ಲಿ ಮೆಟ್ಕಳ್ರಿ. ಹಿರಿಯೂರಿಗೆ ಹೋಗಾಣ."

ಅಷ್ಟೇ ಮಾತು. ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವಾಗಲೂ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ನೆಮ್ಮದಿಯಿರುತ್ತಿತ್ತು. ನನ್ನ ತಲೆ ತಿನ್ನುವುದನ್ನು ಅವಳು ಬಿಟ್ಟರೆ ನನಗೆ ಇಷ್ಟು ಭಯವಾಗುತ್ತದೆಂದು ಅವತ್ತೇ ಗೊತ್ತಾದದ್ದು.

ತಿಪ್ಪೇಶನ ತಾಯಿ ಬರಗೇರಮ್ಮ ಅಂಗಳದಲ್ಲಿ ರಾಶಿ ಬಿದ್ದ ಕಾಯಿಗಳ ಪಕ್ಕ ಕೂತಿದ್ದರು. ನಮ್ಮನ್ನು ಕಂಡು ಎದ್ದರು. ನೀರು ಕೊಟ್ಟರು, ಕಾಫಿಯ ಸುದ್ದಿಯೆತ್ತಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಅನುಸೂಯಳ ಕೈ ಹಿಡಿದುಕೊಂಡರು.

"ಕುಂತ್ಕಳವ್ವ. ನಿನ್ ನೋಡಿದ್ರೆ ಹೊಟ್ಟೆ ಉರಿತೈತೆ. ಕಣ್ಣೆದುರಿಗೇ ನಡೀತಿದ್ರೂ ನಗ್ತಾ ನೋಡ್ತಾ ಕುಂತಿದ್ಯಂತಲ್ಲ! ಎಂಥಾ ಹೆಣ್ಣವ್ವ ನೀನು!"

"ಏನಮ್ಮಾ ನಡೆದಿದ್ದು ನನ್ನ ಕಣ್ಣೆದುರಿಗೆ?"

"ನನ್ನ ಬಾಯಾಗೆ ಯಾಕೆ ಹೇಳಿಸ್ತೀಯ?"

"ಹೇಳ್ರಿ. ನನಗೂ ಗೊತ್ತಾಗ್ಲಿ." ಅನುಸೂಯ ಇದನ್ನು ಹೇಳಿದ್ದು ಅವರಿಗೆ, ನೋಡಿದ್ದು ನನ್ನನ್ನು. ಆ ನೋಟಕ್ಕೆ ರಾಶಿಯ ಕಾಯಿಗಳೇ ಬಿರಿಯಬೇಕಿತ್ತು!

ಬರಗೇರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಬಾಗಿಲಲ್ಲಿ ನಿಂತಿದ್ದ ತಿಪ್ಪೇಶ್ ಸೂರಿನ ಕಡೆ ನೋಡತೊಡಗಿದ. "ಪುಣೆ ಸೊಸೆ ಓದಿ ಹೇಳಿದ್ಲು. ಈಯಪ್ಪನೇ ಬರೆದೈತಂತೆ. ನಾದಿನಿ ಬೃಂದಾ ನನಗೆ ಬಿಸಿ ಬಿಸಿ ಮುತ್ತು ಕೊಟ್ಲು. ಬ್ಯಾಡ ಬ್ಯಾಡ ಅಂದ್ರೂ ಕೇಳದಂಗೆ ಇನ್ನೊಂದು ಕೊಟ್ಲು. ನನ್ನ ಹೆಂಡ್ತಿ ನಗ್ತಾ, ಭಾವನಿಗೆ ಮತ್ತೊಂದು ಕೊಡೇ ಅಂದ್ಲು. ಹಿಂಗೆಲ್ಲಾ ಬರೆದು ಊರಿಗೇ ತೋರಿಸ್ಯಾರಲ್ಲವ್ವ!"

ನನ್ನ ಕಾಲ ಕೆಳಗಿನ ನೆಲವಷ್ಟೇ ಅಲ್ಲ, ಹಿರಿಯೂರು ತಾಲ್ಲೂಕೇ ಕುಸಿಯಿತು. "ನಾನು... ನಾನು ಹಂಗೆ..." ಎಂದು ತೊದಲಿದೆ. ತೊದಲುವ ಗಂಡಸಿಗಿಂತ ದೊಡ್ಡ ಅಪರಾಧಿ ಜಗತ್ತಿನಲ್ಲಿಲ್ಲ.

"ಅಷ್ಟಕ್ಕೇ ಬಿಟ್ರೇನವ್ವ? ಆಮೇಲೆ ಅದೆಂಥದೋ ಹುರೂಲಿಸಾರ್ ಅಂತ ಊರಿಗೆ ಹೋಗಿ, ಮುತ್ತಿನ ಜೊತೆ ಮುಳುಗಿದ್ರಂತೆ. ಎಲ್ಲೈತೆ ಆ ಊರು? ನಮ್ಮ ಸೀಮೇಲಂತೂ ಇಲ್ಲ."

ಅನುಸೂಯಳ ಹುಬ್ಬು ಗಂಟಿಕ್ಕಿತು. "ಹುರೂಲಿಸಾರ್..." ಎಂದು ಗೊಣಗಿದಳು. ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಕಾಯಿ ರಾಶಿಯ ಮೇಲೆ ಒರಗಿ ನಗತೊಡಗಿದಳು. ನಾಲ್ಕು ಕಾಯಿ ಉರುಳಿ ಬೀದಿಗೆ ಹೋದವು.

"ಅಮ್ಮಾ, ಅದು ಊರಲ್ಲ, ಹುರುಳಿಸಾರು! ಮುತ್ತಲ್ಲ ಅಮ್ಮಾ, ಮುದ್ದೆ! ರಾಗಿ ಮುದ್ದೆ! ಅವತ್ತು ಬೃಂದಾ ನಮ್ಮನೆಗೆ ಬಂದಾಗ ಭಾವನಿಗೆ ಬಿಸಿ ಬಿಸಿ ಮುದ್ದೆ ಹಾಕಿದ್ಲು. ಇವ್ರು ಹುರುಳಿಸಾರಿನಾಗೆ ಮುಳುಗಿಸಿ ನುಂಗಿದ್ರು!"

ತಿಪ್ಪೇಶ್ ಮಂಡಿಯ ಕಂಪ್ಯೂಟರಿನ ಕಡೆ ಓಡಿದ. ನಾನು ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದೆ, ಕುಡಿಯುವುದೋ ಇಡುವುದೋ ತಿಳಿಯದೆ. ಅವನು ವಾಪಸು ಬಂದಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮದುಮಗನ ಗಾಂಭೀರ್ಯವೆಲ್ಲ ಮಾಯ!

"ಮುದ್ದೇನೇ ಅವ್ವಾ! ಕನ್ನಡದಾಗೆ ಸರಿಯಾಗೈತೆ. ಅದೇ ಗುಂಡಿ ಒತ್ತಿದ್ರೆ, ಮುದ್ದೆ ಹೋಗಿ ಮುತ್ತಾಗತೈತೆ!"

ಬರಗೇರಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಕ್ಕರು. ನನಗೆ ಉಸಿರು ಬಂತು. ಹೋದ ಮಾನ, ಹೋದ ಸಂಬಂಧ, ಹೋದ ಹೆಂಡತಿ, ಮೂರೂ ಒಟ್ಟಿಗೆ ವಾಪಸು ಬಂದ ಗಳಿಗೆ ಅದು. ಅಲ್ಲಿಂದಲೇ ಅಂಜನ್‌ಗೆ ಫೋನು ಹಚ್ಚಿ ಕೂಗಾಡಿದೆ. ಅವನು ಸ್ವಲ್ಪವೂ ಬೇಸರಿಸಲಿಲ್ಲ.

"ಸಾರ್, ಅದಕ್ಕೆ ಮುದ್ದೆ ಗೊತ್ತಿಲ್ಲ. ಮುದ್ದು ಅಂತ ಊಹೆ ಮಾಡ್ಕಂಡು ಇಂಗ್ಲಿಷ್‌ನಾಗೆ ಕಿಸ್ ಅಂತ ಹಾಕೈತೆ. ಅದನ್ನ ತಯಾರು ಮಾಡಿದೋರು ಅನ್ನ ತಿನ್ನೋರಿರಬೇಕು ಸಾರ್!"

ಕಾಫಿ ಬಂತು. ಕಾಫಿಯ ಜೊತೆ ಕೊಬ್ಬರಿ ಮಿಠಾಯಿಯೂ ಬಂತು. ಎಲ್ಲ ಸುಖಾಂತವಾಯಿತು ಎಂದು ನಾನು ಕಾಲು ಚಾಚುವಷ್ಟರಲ್ಲಿ ಬರಗೇರಮ್ಮ ಮಗನನ್ನು ಕೇಳಿದರು. "ಮುದ್ದೆ ಬಗ್ಗೆ ಏನೇನು ಬರೆದೈತೋ?"

"ಬೆಣ್ಣೆಯಂಥ ಮುದ್ದೆಯಂತೆ ಅವ್ವ. ಒಂದೇ ಒಂದು ಗಂಟಿಲ್ಲವಂತೆ. ಗಂಟಲಿಗೆ ಹೇಳದೇನೇ ಹೊಟ್ಟೆ ಸೇರ್ತಂತೆ."

"ಹಂಗಾ! ಭಾನುವಾರ ಶ್ರೀರಾಂಪುರಕ್ಕೆ ಬತ್ತೀವಿ ಕಣವ್ವ. ಆ ಮುದ್ದೇನೇ ಮಾಡಿಸ್ರಿ."

ನಾನು ಕಚ್ಚಿದ್ದ ಮಿಠಾಯಿಯನ್ನು ತಟ್ಟೆಗೆ ವಾಪಸು ಇಟ್ಟೆ. ಯಾಕೆಂದರೆ ಬೃಂದಾಳ ಆ ಮುದ್ದೆ ಹೇಗಿತ್ತು ಎಂಬುದು ನನ್ನ ಹಲ್ಲುಗಳಿಗೆ ಚೆನ್ನಾಗಿ ಗೊತ್ತು. ಚಿತ್ರದುರ್ಗದ ಬೆಟ್ಟಗಳ ಬಂಡೆಯೆಲ್ಲ ಅದರೊಳಗೆ ಬಂದು ವಾಸವಾಗಿತ್ತು. ಮುರಿದರೆ ಒಳಗೆ ಹಸಿ ಹಿಟ್ಟು!

ವಾಪಸು ಬಸ್ಸಿನಲ್ಲಿ ಅನುಸೂಯಳ ಬಾಯಿ ತೆರೆಯಿತು. ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಮುಚ್ಚಲಿಲ್ಲ.

"ಅವ್ಳಿಗೆ ಮುದ್ದೆ ತಿರುವಾಕೆ ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ರಿ! ಬೆಣ್ಣೆ ಅಂತ ಯಾಕೆ ಬರೆದ್ರಿ?"

"ಓದುಗರಿಗೆ ಸ್ವಲ್ಪ ಬಣ್ಣ ಹಚ್ಚಿದ್ರೆ ಚೆನ್ನಾಗಿರತೈತೆ ಕಣೆ..."

"ಹಚ್ರಿ ಹಚ್ರಿ. ಭಾನುವಾರ ಮುದ್ದೆಗೂ ನೀವೇ ಬಣ್ಣ ಹಚ್ರಿ!"

ಭಾನುವಾರದವರೆಗೆ ಶ್ರೀರಾಂಪುರದ ಮನೆಯಲ್ಲಿ ಮುದ್ದೆಯ ಮಹಾಯಾಗ ನಡೆಯಿತು. ಅತ್ತೆ ಏಕಾಂತಮ್ಮನವರು ಹೇಳಿಕೊಡುವುದು, ಬೃಂದಾ ತಿರುವುವುದು, ಮಾವ ನುಂಗುವುದು. ಕೊನೆಗೆ ಮನೆಯ ಎಮ್ಮೆಯೂ ಮೂಸಿ ಮುಖ ತಿರುಗಿಸಿತು. ಭಾನುವಾರ ಬೀಗರು ಸಾಲಾಗಿ ಊಟಕ್ಕೆ ಕೂತರು. ಬೃಂದಾ ಬರಗೇರಮ್ಮನ ತಟ್ಟೆಗೆ ಮುದ್ದೆ ಇಟ್ಟಳು. ಬರಗೇರಮ್ಮ ಮುರಿದರು. ಒಳಗಿನಿಂದ ಗಂಟೊಂದು ಇಣುಕಿತು, ಅದರ ಹಿಂದೆ ಅದರ ಅಣ್ಣ.

ನಾನು ಕಣ್ಣು ಮುಚ್ಚಿಕೊಂಡೆ. ಆಗ ಬೃಂದಾಳ ಧ್ವನಿ ಕೇಳಿಸಿತು.

"ಅತ್ತೆ, ನನಗೆ ಮುದ್ದೆ ಮಾಡಾಕೆ ಬರಲ್ಲ. ನಾಲ್ಕು ದಿನದಿಂದ ಕಲೀತಿದೀನಿ, ಇನ್ನೂ ಕೂಡಿ ಬರ್ತಿಲ್ಲ. ಭಾವ ಸುಮ್ಮನೆ ಬರೆದಿದ್ದು."

ಮಾವನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬರಗೇರಮ್ಮ ಆ ಗಂಟನ್ನು ಬೆರಳಲ್ಲಿ ಒಡೆದು, ಸಾರಿಗದ್ದಿ ನುಂಗಿದರು. ಆಮೇಲೆ ಬೃಂದಾಳ ಗಲ್ಲ ಹಿಡಿದರು.

"ಬರದಿದ್ರೆ ಕಲೀತೀಯ ಬಿಡವ್ವ. ಬಂದವರ ಎದುರಿಗೆ ಇದ್ದದ್ದು ಇದ್ದಂಗೆ ಹೇಳಿದ್ಯಲ್ಲ, ನನಗದು ಹಿಡಿಸ್ತು."

ಮನೆಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. ತಿಪ್ಪೇಶ್ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಇದೇ ಅಲ್ಲವೇ ಪ್ರೇಮ! ನಾನೂ ಧೈರ್ಯ ತಂದುಕೊಂಡು ನಕ್ಕೆ. ನಗಬಾರದಿತ್ತು. ಬರಗೇರಮ್ಮ ಈಗ ನನ್ನ ಕಡೆ ತಿರುಗಿದರು.

"ಏನಪ್ಪ ಓಬಳೇಶಪ್ಪ, ಆ ಮಿಷಿನ್ನು ಮುದ್ದೇನ ಯಾವತ್ತೂ ತಿಂದಿಲ್ಲ, ಅದಕ್ಕೆ ಮುತ್ತು ಅಂತು. ನೀನು ತಿಂದೂ ತಿಂದೂ ಬೆಣ್ಣೆ ಅಂದ್ಯಲ್ಲ, ನಿನ್ಗೇನಾಗಿತ್ತು?"

ಬೀಗರ ನಗೆಗೆ ಎಮ್ಮೆ ಹಗ್ಗ ಜಗ್ಗಿತು. ನಾನು ತಟ್ಟೆಯಲ್ಲಿದ್ದ ಗಂಟೊಂದನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದೆ.

ಮದುವೆ ಸಾಂಗವಾಗಿ ನಡೆಯಿತು. ಪುಣೆಯ ಅತ್ತಿಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಮುದ್ದೆಯನ್ನು ಕಣ್ಣಾರೆ ನೋಡಿದ್ದು. ನಾನು ಆ ಗುಂಡಿಯನ್ನು ಬ್ಲಾಗಿನಿಂದ ಕೀಳಿಸಿದೆ. ಇನ್ನು ಮೇಲೆ ಅಚ್ಚ ಕನ್ನಡ, ಅಚ್ಚ ಸತ್ಯ, ಅದೂ ಮೊದಲು ಹೆಂಡತಿಗೆ ಓದಿ ಹೇಳಿದ ಮೇಲೆಯೇ ಎಂದು ತೀರ್ಮಾನಿಸಿದೆ. ಒಂದು ಸಂಜೆ ಹೊಸ ಹಾಸ್ಯಲೇಖನವನ್ನು ಆರಂಭದಿಂದ ಕೊನೆಯವರೆಗೆ, ಕೈಯಾಡಿಸಿ, ಧ್ವನಿ ಏರಿಳಿಸಿ ಓದಿದೆ. ಅನುಸೂಯ ಅವರೇಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು. ಎಲ್ಲಿಯೂ ನಗಲಿಲ್ಲ.

"ಹೆಂಗೈತೆ?" ಎಂದೆ.

ಅವಳು ಮಡಿಲಿನ ಸಿಪ್ಪೆ ಕೊಡವಿದಳು. "ಏನ್ರಿ, ಆ ಅಂಜನ್‌ಗೆ ಹೇಳಿ ಮಿಷಿನ್ನು ಮತ್ತೆ ಹಾಕಿಸ್ರಿ."

"ಯಾಕೆ?"

"ನೀವು ಬರೆದಿದ್ದಕ್ಕಿಂತ ಅದು ತಪ್ಪು ಮಾಡಿದ್ದೇ ಜಾಸ್ತಿ ನಗು ಬರತೈತೆ!"